ಬಂಡಿವಾಡ ಸರ್ ಪಾಸು ಮಾಡಿದ ಕರಿ ಇಟ್ಟಂಗಿಗಳು

೧೯೮೮ರ ಜೂನ್ ತಿಂಗಳಲ್ಲಿ ನಾನು ಗದಗಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಓದಿದವರಿಗೆ ಬೇಜಾರಾಗುತ್ತದೆ, ಕಲಿಸಿದವರಿಗೆ ಸಿಟ್ಟು ಬರುತ್ತದೆ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಕಂಪೋಜಿಟರ್ ಆಗಿದ್ದೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ, ಸಾಲು ಜೋಡಿಸಿ, ಪುಟ ಕಟ್ಟುವ ಕೆಲಸ ಅದು. ಗದಗ-ಬೆಟಗೇರಿಯಲ್ಲಿ ನನ್ನಷ್ಟು ಜಲ್ದಿ ಕೈ ಓಡಿಸುವವರು ಇಬ್ಬರೇ ಇದ್ದೆವು. ಇನ್ನೊಬ್ಬ ಹುಬ್ಬಳ್ಳಿಗೆ ಹೋದ ಮೇಲೆ ನಾನೊಬ್ಬನೇ ಉಳಿದೆ.

ಊರು ಶಿರಹಟ್ಟಿ, ಹೆಸರು ಫಕ್ಕೀರಪ್ಪ. ಪ್ರೆಸ್ಸುಗಳಲ್ಲಿ ನನ್ನ ಹೆಸರಿಗಿಂತ ನನ್ನ ಕಿತಾಪತಿಗಳೇ ಹೆಚ್ಚು ಪ್ರಸಿದ್ಧವಾಗಿದ್ದವು. ಒಬ್ಬ ಹೊಸ ಮ್ಯಾನೇಜರ್ ಬಂದ ಮೊದಲ ವಾರವೇ ನಮಗೆ ಕೆಲಸ ಕಲಿಸಲು ಹೊರಟಿದ್ದ. ಅವನಿಗೆ ‘ಉಲ್ಟಾ ಸೊನ್ನಿ ತೀರ್ಯಾವ್ರಿ, ಎಲ್ಲಿಂದರ ತರ್ರಿ’ ಎಂದೆ. ಪಾಪ, ಮೂರು ಪ್ರೆಸ್ ತಿರುಗಿದ. ಎಲ್ಲ ಕಡೆಯೂ ನಮ್ಮವರೇ ಇದ್ದರು. ‘ನಿನ್ನೇನ ಖಾಲಿ ಆದುವು ನೋಡ್ರಿ’ ಎಂದು ಮುಂದಿನ ಪ್ರೆಸ್ಸಿಗೆ ಕಳಿಸಿದರು. ಸೊನ್ನೆಯನ್ನು ತಲೆಕೆಳಗು ಮಾಡಿದರೂ ಸೊನ್ನೆಯೇ ಎಂಬುದು ಅವನಿಗೆ ಮರಳಿ ಬರುವಾಗ ಹೊಳೆಯಿತಂತೆ. ಆಮೇಲೆ ಒಳ್ಳೆಯ ಮನುಷ್ಯನಾದ.

ಇದನ್ನು ಸುಮ್ಮನೆ ಹೇಳಲಿಲ್ಲ, ಮುಂದೆ ಬೇಕಾಗುತ್ತದೆ.

ಆ ವರ್ಷ ಕಾಲೇಜಿಗೆ ಕಂಪ್ಯೂಟರ್ ಬಂತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಎರಡು ಫ್ಲಾಪಿ ಡ್ರೈವು, ಗರಗಸದಂತೆ ಕಿರುಚುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಗಣಿತವೂ ಕಂಪ್ಯೂಟರೂ ಒಂದೇ ಮನೆತನ ಎಂದು ವಾದಿಸಿ ಗಣಿತ ವಿಭಾಗದ ಮುಖ್ಯಸ್ಥ ಬಂಡಿವಾಡ ಸರ್ ಅದನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ಮಾನಿಟರಿಗೆ ಶುಕ್ರವಾರ ಕುಂಕುಮ. ಪ್ರಿಂಟರಿಗೆ ಅವರ ಮನೆಯವರು ಕಸೂತಿ ಹಾಕಿದ ಮುಸುಕು. ಕೀಬೋರ್ಡನ್ನು ಮಾತ್ರ ಅವರು ಎಂದೂ ಮುಟ್ಟಲಿಲ್ಲ. ಮುಟ್ಟಿದರೆ ಅವರಿಗೇನು ಗೊತ್ತು ಎಂಬುದು ಹೊರಬೀಳುತ್ತಿತ್ತು.

ಮೊದಲ ದಿನವೇ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು: “ಲೇ ಫಕ್ಕೀರಪ್ಪ, ಮೊಳಿ ಆರಿಸೂ ಧಂದೆ ಮುಗೀತಲೇ. ಈ ಮಷೀನಿನ್ಯಾಗ ಜಗತ್ತಿನ ಎಲ್ಲಾ ಚಿಹ್ನೆ ಅದಾವ.”

“ಎಲ್ಲಾನೂ ಏನ್ರಿ ಸರ?”

“ಎಲ್ಲಾನೂ.”

“ಉಲ್ಟಾ ಸೊನ್ನಿನೂ?”

“ಅದೂ ಐತಿ. ಸಾವಕಾಶ ಕಲೀತಿ.”

ಆ ಕ್ಷಣವೇ ನನಗೆ ಈ ಮನುಷ್ಯನ ಉದ್ದಗಲ ತಿಳಿಯಿತು.

ನನಗೆ ಕೊಟ್ಟ ಮೊದಲ ದೊಡ್ಡ ಕೆಲಸ ಬಿ.ಎಸ್ಸಿ. ಮೊದಲ ವರ್ಷದ ಗಣಿತದ ಪುಸ್ತಕ. ಕಾಲೇಜೇ ಅದನ್ನು ಸೈಕ್ಲೋಸ್ಟೈಲ್ ಮಾಡಿ ವಿದ್ಯಾರ್ಥಿಗಳಿಗೆ ಕೊಡುವುದಿತ್ತು. ಪಾಠ ಇಂಗ್ಲಿಷಿನಲ್ಲಿ, ಹಸ್ತಪ್ರತಿ ನಾಲ್ಕು ಉದ್ದ ನೋಟ್‌ಬುಕ್‌ಗಳಲ್ಲಿ. ಅಕ್ಷರವೆಂದರೆ ಮುತ್ತು. ಬರೆದವರು ಜೈಬುನ್ನಿಸಾ ಎಂಬ ತಾತ್ಕಾಲಿಕ ಉಪನ್ಯಾಸಕಿ. ಲಕ್ಷ್ಮೇಶ್ವರದ ಅರಿವೆ ಹೊಲಿಯುವವರ ಮನೆಯ ಮಗಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಗದಗಿಗೆ ಬಂದು, ಸಂಜೆ ಅದೇ ಬಸ್ಸಿನಲ್ಲಿ ಹೋಗುವವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು, ತಲೆಯಲ್ಲಿ ಆ ವಿಭಾಗದ ಎಲ್ಲರಿಗಿಂತ ದೊಡ್ಡವರು. ಮೂರು ವರ್ಷದಿಂದ ತಾತ್ಕಾಲಿಕವಾಗಿಯೇ ಇದ್ದರು. ಜುಲೈ ಕೊನೆಗೆ ಒಂದು ಖಾಯಂ ಹುದ್ದೆಗೆ ಸಂದರ್ಶನವಿತ್ತು. ಸ್ವಂತ ಹೆಸರಿನ ಪುಸ್ತಕವೊಂದು ಕೈಯಲ್ಲಿದ್ದರೆ ಆ ಹುದ್ದೆ ಅವರದು. ಇಲ್ಲದಿದ್ದರೆ ಮುಖ್ಯಸ್ಥರು ಯಾರತ್ತ ಬೆರಳು ತೋರಿಸುತ್ತಾರೋ ಅವರದು.

ಟೈಪ್ ಮಾಡಲು ಕುಳಿತೆ. ಇಂಗ್ಲಿಷ್ ವಾಕ್ಯಗಳು ಸರಾಗ ಹೋದವು. ಗಣಿತ ಬಂದಾಗ ಮಷೀನು ಮುಗ್ಗರಿಸಿತು. ಕೀಬೋರ್ಡಿನ ಮೇಲೆ ಸಿಗ್ಮಾ ಇಲ್ಲ, ಅನಂತ ಇಲ್ಲ. ಕೈಪಿಡಿಯ ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಇತ್ತು. ಆಲ್ಟ್ ಎಂಬ ಕೀಲಿಯನ್ನು ಒತ್ತಿಹಿಡಿದು ಬಲಗಡೆಯ ಅಂಕಿಗಳಲ್ಲಿ ೨೨೮ ಒತ್ತಿದರೆ ಪರದೆಯ ಮೇಲೆ Σ ಬರುತ್ತದೆ, ೨೩೬ ಒತ್ತಿದರೆ ∞. ನಾನು ಎರಡು ದಿನದಲ್ಲಿ ಪಟ್ಟಿಯನ್ನು ಬಾಯಿಪಾಠ ಮಾಡಿದೆ. ಸಾವಿರಾರು ಮೊಳೆಗಳ ಮನೆ ಯಾವುದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದವನಿಗೆ ಇದೇನು ಮಹಾ? ಇಂಟಿಗ್ರಲ್ ಚಿಹ್ನೆ ಮಾತ್ರ ಎರಡು ತುಂಡು. ತಲೆ ಒಂದು ಸಾಲಿನಲ್ಲಿ, ಬಾಲ ಕೆಳಗಿನ ಸಾಲಿನಲ್ಲಿ, ಬಡಿದು ಕತ್ತರಿಸಿದ ಹಾವಿನಂತೆ ಕಾಣುತ್ತಿತ್ತು.

ಪರದೆಯ ಮೇಲೆ ಎಲ್ಲ ಸರಿಯಿತ್ತು. ಕಾಗದದ ಮೇಲೆ ಸಿಗ್ಮಾ ಇರಬೇಕಾದಲ್ಲೆಲ್ಲ ಓರೆಯಾಗಿ ವಾಲಿದ ಇಂಗ್ಲಿಷಿನ ‘ಡಿ’ ಬಂತು! ಅನಂತ ಇರಬೇಕಾದಲ್ಲಿ ವಾಲಿದ ‘ಎಲ್’. ಬಂಡಿವಾಡ ಸರ್ ನೋಡಿ, “ಮಷೀನಿಗೆ ಧೂಳ ಬಡದೈತಿ” ಎಂದರು. ಮುಸುಕನ್ನು ಒಗೆಸಿ ತಂದರು. ಡಿ ಹೋಗಲಿಲ್ಲ. ಕಂಪ್ಯೂಟರ್ ಮಾರಿದವರಿಗೆ ಹುಬ್ಬಳ್ಳಿಗೆ ಕಾಗದ ಬರೆದರು. ಉತ್ತರ ಬರಲಿಲ್ಲ.

ಜೈಬುನ್ನಿಸಾ ಅಕ್ಕಾರು ನನ್ನ ಪಕ್ಕ ಕುಳಿತು, ಯಾವ ಅಂಕಿಗೆ ಯಾವ ಅಕ್ಷರ ಬಂತೆಂದು ಒಂದು ಚೀಟಿಯಲ್ಲಿ ಬರೆದುಕೊಂಡರು. ಕೈಪಿಡಿ ತೆರೆದು ಆ ಅಕ್ಷರಗಳ ಅಂಕಿಗಳನ್ನೂ ಪಕ್ಕದಲ್ಲಿ ಬರೆದರು. ಐದು ನಿಮಿಷ ಆಗಿರಲಿಕ್ಕಿಲ್ಲ.

“ಫಕ್ಕೀರಪ್ಪಣ್ಣಾರ, ಇಲ್ನೋಡ್ರಿ. ಸಿಗ್ಮಾ ಇನ್ನೂರಾ ಇಪ್ಪತ್ತೆಂಟು. ಬಂದಿರೂ ಡಿ ನೂರು. ಅನಂತ ಇನ್ನೂರಾ ಮೂವತ್ತಾರು. ಬಂದಿರೂ ಎಲ್ ನೂರಾ ಎಂಟು. ಎಲ್ಲಾದ್ರಾಗೂ ನೂರಾ ಇಪ್ಪತ್ತೆಂಟು ಕಳಿಲಾಕ್ಹತ್ತೈತಿ.”

“ಅಂದ್ರ ಕಂಪ್ಯೂಟರ್ ತಪ್ಪಿಲ್ಲ.”

“ಇಲ್ಲ. ಪ್ರಿಂಟರಿನ ಕಡೆ ಬ್ಯಾರೆ ಪಟ್ಟಿ ಐತಿ.”

ಅಷ್ಟು ಹೇಳಿದ್ದೇ ಸಾಕಾಯಿತು. ಕಸೂತಿ ಮುಸುಕನ್ನು ಕಿತ್ತೊಗೆದು ಪ್ರಿಂಟರಿನ ಹೊಟ್ಟೆ ತೆರೆದೆ. ರಿಬ್ಬನ್ನಿನ ಹಿಂದೆ ಅಕ್ಕಿ ಕಾಳಿನಷ್ಟು ಸ್ವಿಚ್ಚುಗಳ ಒಂದು ಸಾಲು. ಯಾವ ಪಟ್ಟಿಯಿಂದ ಅಚ್ಚು ಹಾಕಬೇಕೆಂದು ಅವುಗಳಲ್ಲೊಂದು ತೀರ್ಮಾನಿಸುತ್ತಿತ್ತು. ಪ್ರೆಸ್ಸಿನಿಂದ ತಂದಿದ್ದ ಚಿಮಟದ ತುದಿಯಿಂದ ಅದನ್ನು ಆ ಕಡೆ ತಳ್ಳಿದೆ. ಮುಂದಿನ ಹಾಳೆಯಲ್ಲಿ ಸಿಗ್ಮಾ ಸಿಗ್ಮಾ ಆಗಿಯೇ ಬಂತು. ಬಂಡಿವಾಡ ಸರ್ ಸ್ಟಾಫ್ ರೂಮಿನಲ್ಲಿ, “ಕಡೀಕ ನಾನ ರಿಪೇರಿ ಮಾಡಿದೆ” ಎಂದರಂತೆ.

ಇನ್ನೊಂದು ತೊಡಕು ಉಳಿದಿತ್ತು. ಕೆಲವು ಚಿಹ್ನೆಗಳು ಆ ಪಟ್ಟಿಯಲ್ಲೇ ಇರಲಿಲ್ಲ. ಮುಖ್ಯವಾದವು ಎರಡು. ಒಂದು ∀, ಅಂದರೆ ‘ಪ್ರತಿಯೊಂದಕ್ಕೂ’. ಇನ್ನೊಂದು ∃, ಅಂದರೆ ‘ಒಂದಾದರೂ ಇದೆ’. ಪ್ರೆಸ್ಸಿನಲ್ಲಾಗಿದ್ದರೆ ನಾನು ‘ಎ’ ಮೊಳೆಯನ್ನು ತಲೆಕೆಳಗು ನಿಲ್ಲಿಸುತ್ತಿದ್ದೆ, ‘ಇ’ ಮೊಳೆಯನ್ನೂ ಹಾಗೆಯೇ ತಿರುಗಿಸುತ್ತಿದ್ದೆ. ಮುಗಿಯಿತು. ಎಂಟರ ಮೊಳೆಯನ್ನು ಅಡ್ಡ ಮಲಗಿಸಿದರೆ ಅನಂತ. ‘ಎಂ’ ಮೊಳೆ ಹೆಚ್ಚುಕಡಿಮೆ ಚೌಕವಿರುತ್ತದೆ, ಎಡಕ್ಕೆ ಹೊರಳಿಸಿದರೆ ಸಿಗ್ಮಾ. ಮೊಳೆ ಕೈಯಲ್ಲಿ ಹಿಡಿಯುವ ವಸ್ತು, ಹೇಳಿದಂತೆ ಕೇಳುತ್ತದೆ. ಈ ಮಷೀನಿನಲ್ಲಿ ‘ಎ’ ಒತ್ತಿದರೆ ಸೆಟೆದು ನಿಂತ ‘ಎ’ ಮಾತ್ರ ಬರುತ್ತದೆ. ಅಷ್ಟು ದೊಡ್ಡ ಪೆಟ್ಟಿಗೆಗೆ ಒಂದು ಅಕ್ಷರವನ್ನು ಹೊರಳಿಸುವ ಯೋಗ್ಯತೆ ಇರಲಿಲ್ಲ.

ಆದ್ದರಿಂದ ನಾನು ಕಂಪೋಜಿಟರುಗಳ ಹಳೆಯ ಪದ್ಧತಿಯನ್ನೇ ಹಿಡಿದೆ. ಜೋಡಿಸುವಾಗ ಯಾವುದಾದರೂ ಮೊಳೆ ತೀರಿಹೋದರೆ ನಾವು ಆ ಜಾಗ ಖಾಲಿ ಬಿಡುತ್ತಿರಲಿಲ್ಲ. ಬಿಟ್ಟರೆ ಯಾರ ಕಣ್ಣಿಗೂ ಬೀಳದೆ ಹಾಗೇ ಅಚ್ಚಾಗಿ ಹೋಗುತ್ತದೆ. ಅಷ್ಟೇ ಅಗಲದ ಬೇರೊಂದು ಮೊಳೆಯನ್ನು ಮುಖ ಕೆಳಗೆ, ಬುಡ ಮೇಲೆ ಮಾಡಿ ಇಡುತ್ತಿದ್ದೆವು. ಪ್ರೂಫಿನಲ್ಲಿ ಅಲ್ಲಿ ಕರ್ರನೆಯ ಗುರುತು ಮೂಡುತ್ತದೆ. ‘ಇಲ್ಲೇನೋ ಬರಬೇಕು, ಮರೆಯಬೇಡ’ ಎಂದು ಅದರ ಅರ್ಥ. ಬರೆದವರು ಪ್ರೂಫ್ ನೋಡುವಾಗ ಅದಕ್ಕೊಂದು ಸುತ್ತು ಹಾಕಿ, ಬರಬೇಕಾದ್ದನ್ನು ಅಂಚಿನಲ್ಲಿ ಬರೆಯುತ್ತಾರೆ. ವರ್ಡ್ ಪ್ರೊಸೆಸರಿನಲ್ಲಿ ನಾನು ಆ ಕೆಲಸಕ್ಕೆ ೨೧೯ ಆರಿಸಿದೆ. ಅದನ್ನು ಒತ್ತಿದರೆ █ ಎಂಬ ಕರಿ ಇಟ್ಟಿಗೆ, ನಮ್ಮ ಮಾತಿನಲ್ಲಿ ಇಟ್ಟಂಗಿ, ಬರುತ್ತದೆ. ಸೈಕ್ಲೋಸ್ಟೈಲಿಗೆ ಬೇಕಾದ ಮೇಣದ ಹಾಳೆ, ಅಂದರೆ ಕೊನೆಯ ಸ್ಟೆನ್ಸಿಲ್, ತೆಗೆಯುವಾಗ ಇಟ್ಟಂಗಿ ಇದ್ದಲ್ಲಿ ಜಾಗ ಬಿಟ್ಟು, ಅಕ್ಕಾರು ಲೋಹದ ಮೊನೆಯ ಕಡ್ಡಿಯಿಂದ ಚಿಹ್ನೆಯನ್ನು ಕೈಯಲ್ಲೇ ಕೊರೆಯುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಮೊದಲ ಅಧ್ಯಾಯದ ಪ್ರೂಫ್ ಸಿದ್ಧವಾದ ದಿನ ಬಂಡಿವಾಡ ಸರ್ ಒಂದು ಚೀಟಿ ತಂದುಕೊಟ್ಟರು. ಮುಖಪುಟದಲ್ಲಿ ಹಾಕಬೇಕಾದ್ದು ಅದರಲ್ಲಿತ್ತು. ಲೇಖಕರು: ಪ್ರೊಫೆಸರ್ ಬಂಡಿವಾಡ. ಕೊನೆಯ ಪುಟದ ಕೆಳಗೆ ಸಣ್ಣಕ್ಷರದಲ್ಲಿ, ‘ಹಸ್ತಪ್ರತಿ ನಕಲು ಮಾಡಿಕೊಟ್ಟವರು: ಕುಮಾರಿ ಜೈಬುನ್ನಿಸಾ’.

ಅಕ್ಕಾರು ಆ ಚೀಟಿಯನ್ನು ಎರಡು ಸಲ ಓದಿ ನನ್ನ ಮೇಜಿನ ಮೇಲೆ ಮರಳಿ ಇಟ್ಟರು.

“ನಕಲು ಅಂತ್ರಿ ಅಕ್ಕಾರ! ಎರಡು ವರ್ಷ ಕುಂತು ಬರದವರು ನೀವು.”

“ಸುಮ್ನ ಇರ್ರಿ ಅಣ್ಣಾರ. ನಾ ತಾತ್ಕಾಲಿಕ ಅದೀನಿ. ಇವತ್ತ ಬಾಯಿ ತಗದ್ರ ನಾಳಿ ಲಕ್ಷ್ಮೇಶ್ವರದಾಗ ಗುಂಡಿ ಹಚ್ಕೋತ ಕುಂಡ್ರಬೇಕು.”

ನಾನು ಸುಮ್ಮನಿರುವ ಜಾತಿಯವನಲ್ಲ. ಆದರೆ ಜಗಳವಾಡುವ ಜಾತಿಯವನೂ ಅಲ್ಲ. ಪ್ರೂಫನ್ನು ಪದ್ಧತಿ ಪ್ರಕಾರ ‘ಲೇಖಕ’ರಿಗೆ ಒಪ್ಪಿಸಿದೆ. ಇಟ್ಟಂಗಿ ಎಂದರೇನೆಂದು ಮಾತ್ರ ಹೇಳಲಿಲ್ಲ. ಬರೆದವನಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ, ತಾನು ಬರೆದದ್ದು ಏನೆಂದು ಅವನಿಗೆ ಗೊತ್ತೇ ಇರುತ್ತದೆ. ಜೊತೆಗೆ, ಕೈ ಸುಮ್ಮನಿರದೆ, ಒಂದು ಹೆಚ್ಚಿನ ಇಟ್ಟಂಗಿಯನ್ನೂ ಇಟ್ಟೆ. ಎಲ್ಲಿ ಎಂದು ಆಮೇಲೆ ಹೇಳುತ್ತೇನೆ.

ನಾಲ್ಕು ದಿನದ ಮೇಲೆ ಪ್ರೂಫ್ ಮರಳಿ ಬಂತು. ಮೂವತ್ತೆಂಟು ಪುಟ. ಪ್ರತಿ ಪುಟದ ಬುಡಕ್ಕೆ ಕೆಂಪು ಶಾಯಿಯಲ್ಲಿ ‘ಓಕೆ’, ಬಾಲ ಬಿಟ್ಟ ದೊಡ್ಡ ಸಹಿ. ಒಂಬತ್ತನೇ ಪುಟದಲ್ಲಿ ಒಂದು ಅಲ್ಪವಿರಾಮ ಸೇರಿಸಿದ್ದರು, ಅದೂ ಬೇಡವಾದಲ್ಲಿ. ಎಪ್ಪತ್ತಕ್ಕೂ ಹೆಚ್ಚು ಇಟ್ಟಂಗಿಗಳಲ್ಲಿ ಅವರು ಸುತ್ತು ಹಾಕಿದ್ದು ಒಂದೇ ಒಂದಕ್ಕೆ. ಮುಖಪುಟದಲ್ಲಿ, ಬಂಡಿವಾಡ ಎಂಬ ಅವರದೇ ಹೆಸರಿನ ನಟ್ಟನಡುವೆ ನಾನು ಕೂರಿಸಿದ್ದ ಇಟ್ಟಂಗಿಗೆ! ಅದರ ಪಕ್ಕದಲ್ಲಿ ಸಿಟ್ಟಿನಿಂದ ಬರೆದಿದ್ದರು: ‘ಇದೇನು ಹೊಲಸು? ತೆಗೆ.’ ಉಳಿದ ಹೊಲಸೆಲ್ಲ ಅವರಿಗೆ ಗಣಿತವಾಗಿ ಕಂಡಿತ್ತು.

ಆ ಹಾಳೆಗಳನ್ನು ಹಿಡಿದುಕೊಂಡು ನಾನು ಒಂದು ತಾಸು ನಕ್ಕಿದ್ದೇನೆ. ಸುಳ್ಳು ಹೇಳುವವನನ್ನು ನಾನು ಸಹಿಸಬಲ್ಲೆ, ಸುಳ್ಳಿಗೂ ಸ್ವಲ್ಪ ಕೆಲಸ ಬೇಕಾಗುತ್ತದೆ. ಈ ಮನುಷ್ಯ ಕದ್ದ ಪುಸ್ತಕವನ್ನು ತೆರೆದು ಓದುವಷ್ಟೂ ಕಷ್ಟಪಟ್ಟಿರಲಿಲ್ಲ.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ ಇತ್ತು. ಮುಂಡರಗಿಯ ಅರಿವೆ ಅಂಗಡಿಯ ಬಸವಣ್ಣೆಪ್ಪ ಸಾವಕಾರರು ಬಂದಿದ್ದರು. ಕಾಲೇಜಿನ ಆಡಳಿತ ಮಂಡಳಿಯ ಹಿರಿಯರು, ಸಂದರ್ಶನಕ್ಕೂ ಅವರೇ ಕೂರುವವರು. ಶಾಲೆ ಕಂಡದ್ದು ನಾಲ್ಕನೇ ಇಯತ್ತೆಯವರೆಗೆ, ಆದರೆ ಮನುಷ್ಯನನ್ನು ಕಂಡರೆ ಅರಿವೆ ಅಳೆದಂತೆ ಅಳೆಯುತ್ತಿದ್ದರು. ನಾನು ಪ್ರೂಫ್ ಒಪ್ಪಿಸುವ ನೆಪದಲ್ಲಿ ಒಳಗೆ ಹೋಗಿ, ಹಾಳೆಗಳನ್ನು ಅವರ ಮುಂದೆಯೇ ಇಟ್ಟೆ.

“ಸಾವಕಾರ್ರ, ಹತ್ತೊಂಬತ್ತು ವರ್ಷ ಮೊಳಿ ಜೋಡಿಸೀನ್ರಿ, ಇಂಥಾ ಚಿಹ್ನೆ ನಾ ಕಂಡಿಲ್ಲ. ಸರ ಎಲ್ಲಾ ಪಾಸ್ ಮಾಡ್ಯಾರ. ನಂದು ಸಣ್ಣ ಬುದ್ಧಿ, ನಂಗ ತಿಳಿಯಂಗಿಲ್ಲ. ನೀವರ ಕೇಳ್ರಿ.”

ಬಂಡಿವಾಡ ಸರ್ ಅಲ್ಲೇ ಇದ್ದರು, ಜೈಬುನ್ನಿಸಾ ಅಕ್ಕಾರು ಬಾಗಿಲ ಬಳಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. ಸಾವಕಾರರು ಕನ್ನಡಕ ಏರಿಸಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇದೇನ್ರಿ ಸರ, ಕರಿ ಇಟ್ಟಂಗಿ?”

“ಅದು ಹೊಸ ಚಿಹ್ನೆ. ಈಗ ಪರದೇಶದಾಗ ಇದನ್ನ ಬಳಸತಾರ. ಹೇಳಿದ್ರ ನಿಮಗ ತಿಳಿಯಂಗಿಲ್ಲ ಬಿಡ್ರಿ.”

“ತಿಳೀಲಿಕ್ಕಂದ್ರ ಅಷ್ಟ ಹೋತು. ಬಾಯಿಲೆ ಓದಿ ತೋರಸ್ರಿ, ಕಿವಿಯರ ಪಾವನ ಆಗಲಿ.”

ಬಂಡಿವಾಡ ಸರ್ ಗಂಟಲು ಸರಿಮಾಡಿಕೊಂಡರು. ಆ ಸಾಲು ಹೀಗಿತ್ತು: █ ε > 0, █ δ > 0. ಅವರು ಗಂಭೀರವಾಗಿ ಓದಿದರು. “ಬ್ಲ್ಯಾಕ್ ಎಪ್ಸಿಲಾನ್ ಗ್ರೇಟರ್ ದ್ಯಾನ್ ಝೀರೋ... ಬ್ಲ್ಯಾಕ್ ಡೆಲ್ಟಾ ಗ್ರೇಟರ್ ದ್ಯಾನ್ ಝೀರೋ.”

“ಎರಡೂ ಬ್ಲ್ಯಾಕ್ ಒಂದ ಏನ್ರಿ?”

“ಕಾಣಸಂಗಿಲ್ಲೇನ್ರಿ? ಎರಡೂ ಒಂದ.”

ಬಾಗಿಲ ಬಳಿಯಿಂದ ದನಿ ಬಂತು. “ಒಂದ ಅಲ್ರಿ.”

ಎಲ್ಲರೂ ತಿರುಗಿದರು. ಮಾತಾಡಿದವರು ಅಕ್ಕಾರು. ಮೂರು ವರ್ಷ ಸುಮ್ಮನಿದ್ದವರು ತಮ್ಮ ಅಪಮಾನಕ್ಕೆ ಬಾಯಿ ತೆಗೆಯಲಿಲ್ಲ, ಗಣಿತ ತಪ್ಪಾದಾಗ ತೆಗೆದರು. “ಮದಲನೇದು ‘ಪ್ರತಿಯೊಂದಕ್ಕೂ’ ಅಂತ. ಎರಡನೇದು ‘ಒಂದರ ಐತಿ’ ಅಂತ. ಆ ಚಿಹ್ನೆ ಮಷೀನಿನ್ಯಾಗಿಲ್ಲ ಅಂತ ಅಲ್ಲೆ ಗುರುತು ಇಟ್ಟೀವ್ರಿ. ಅವೆರಡೂ ಒಂದ ಅಂದ್ರ, ಇಲ್ಲಾ ಹಿಂದಮುಂದ ಮಾಡಿದ್ರ, ಅರ್ಥನ ಕೆಡತೈತಿ.”

ಸಾವಕಾರರು ಕೈ ಎತ್ತಿದರು. “ತಡೀರಿ ತಂಗಿ. ಪ್ರತಿ ತಲಿಗೂ ಒಂದು ಟೊಪಗಿ ಐತಿ ಅನ್ನೂದು ಒಂದು ಮಾತು. ಒಂದು ಟೊಪಗಿ ಐತಿ, ಅದು ಪ್ರತಿ ತಲಿಗೂ ಆಕ್ಕೈತಿ ಅನ್ನೂದು ಬ್ಯಾರೆ ಮಾತು. ಹಂಗೇನು?”

“ಹಂಗ ರೀ! ಅದ ರೀ!”

“ಹಂಗಾರ ನಮ್ಮ ಸರ ಇಡೀ ಕಾಲೇಜಿಗೆ ಒಂದ ಟೊಪಗಿ ಹಾಕಾಕ ಹೊಂಟಾರು.”

ಪ್ರಿನ್ಸಿಪಾಲರು ಕೆಮ್ಮಿದರು. ಸಾವಕಾರರು ಜೇಬಿನಿಂದ ಪೆನ್ನು ತೆಗೆದು ಮೊದಲು ಬಂಡಿವಾಡ ಸರ್ ಮುಂದೆ ಹಿಡಿದರು. “ಈ ಪುಟದಾಗ ಹನ್ನೊಂದು ಇಟ್ಟಂಗಿ ಅದಾವ. ಪುಸ್ತಕ ನಿಮ್ಮದಲ್ಲ? ತುಂಬ್ರಿ.” ಸರ್ ಪೆನ್ನು ಮುಟ್ಟಲಿಲ್ಲ. ಕನ್ನಡಕ ಮನೆಯಲ್ಲಿದೆ ಎಂದರು. ಅದು ಮೂಗಿನ ಮೇಲೇ ಇತ್ತು. ಪೆನ್ನು ಬಾಗಿಲ ಕಡೆ ತಿರುಗಿತು. ಅಕ್ಕಾರು ನಿಂತಲ್ಲೇ ಹಾಜರಿ ಪುಸ್ತಕದ ಮೇಲೆ ಹಾಳೆಯನ್ನಿಟ್ಟುಕೊಂಡು, ನೋಟ್‌ಬುಕ್ ನೋಡದೆ, ಹನ್ನೊಂದನ್ನೂ ತುಂಬಿದರು. ಎರಡು ನಿಮಿಷವೂ ಹಿಡಿಯಲಿಲ್ಲ.

ನಾನು ಮೀಸೆ ತಿರುವುತ್ತ ಹೊರಗೆ ಬಂದೆ. ಶಾಬಾಸ್‌ಗಿರಿ ಸಿಗುತ್ತದೆಂದು ಕಾಯುತ್ತಿದ್ದೆ. ಅಕ್ಕಾರು ಬಂದವರೇ ಬೈದರು.

“ನನ್ನ ಒಂದು ಮಾತು ಕೇಳೂದಿಲ್ಲೇನು? ಸಾವಕಾರ್ರು ಶಾಣ್ಯಾರು ಅಂತ ಆತು. ಇಲ್ಲದಿದ್ರ ಯಾರ ಕೆಲಸ ಹೊಕ್ಕಿತ್ತು, ನಿಮ್ದೋ ನಂದೋ? ನಿಮಗ ಚ್ಯಾಷ್ಟಿ, ನಮಗ ಅನ್ನ.”

ಅವರು ಹೇಳಿದ್ದು ಖರೆಯಿತ್ತು. ಆಟ ನನ್ನದಾಗಿತ್ತು, ಪಣಕ್ಕಿಟ್ಟದ್ದು ಅವರದನ್ನು. ಇದನ್ನು ಒಪ್ಪಿಕೊಳ್ಳುತ್ತೇನೆ, ಒಂದೇ ಸಲ, ಇಲ್ಲಿ ಮಾತ್ರ.

ಬಂಡಿವಾಡ ಸರ್‌ಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಅಂಥವರಿಗೆ ಏನೂ ಆಗುವುದಿಲ್ಲ. ಮುಖ್ಯಸ್ಥರಾಗಿಯೇ ಉಳಿದರು, ಶಾಲು ಹೊದ್ದು ಹಾರ ಹಾಕಿಸಿಕೊಂಡು ನಿವೃತ್ತರಾದರು. ಬೀಳ್ಕೊಡುಗೆಯ ಭಾಷಣದಲ್ಲಿ, ಈ ಕಾಲೇಜಿಗೆ ಕಂಪ್ಯೂಟರ್ ಕಲಿಸಿದ್ದೇ ತಾವು ಎಂದರು. ನಾನು ಹಿಂದಿನ ಸಾಲಿನಿಂದ ಎದ್ದು, “ಸರ, ಉಲ್ಟಾ ಸೊನ್ನಿ ಎಲ್ಲೈತ್ರಿ? ಇನ್ನೂ ಸಿಕ್ಕಿಲ್ಲ” ಎಂದು ಕೇಳಿದೆ. “ಹೊಸ ಮಾಡೆಲ್‌ನಾಗ ಬರತೈತಿ” ಎಂದರು.

ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಗೊತ್ತಿಲ್ಲದ ಜಾಗವನ್ನು ಮುಚ್ಚಬಾರದು, ನುಣ್ಣಗೆ ಮಾಡಿ ದಾಟಿಸಬಾರದು. ಅಲ್ಲಿ ಕಣ್ಣಿಗೆ ಚುಚ್ಚುವಂಥ ಕರಿ ಗುರುತು ಇಡಬೇಕು, ಗೊತ್ತಿದ್ದವರು ಬಂದು ತುಂಬುವವರೆಗೂ ಅದು ಅಲ್ಲೇ ಇರಬೇಕು. ಸೀಸದ ಮೊಳೆಯಾದರೂ ಅಷ್ಟೇ, ವರ್ಡ್ ಪ್ರೊಸೆಸರ್ ಆದರೂ ಅಷ್ಟೇ.

ಆ ಸಭೆಯ ಮರುದಿನ ಮುಖಪುಟದ ಸ್ಟೆನ್ಸಿಲ್ ತೆಗೆಯಬೇಕಿತ್ತು. ಪ್ರಿಂಟರಿನ ರಿಬ್ಬನ್ ಬಿಚ್ಚಿಟ್ಟು, ಬರೀ ಸೂಜಿಗಳು ಮೇಣದ ಹಾಳೆಯನ್ನು ಚುಚ್ಚುವಂತೆ ಮಾಡಿದೆ. ‘ಲೇಖಕರು’ ಎಂಬುದರ ಮುಂದೆ ಏನು ಹಾಕಬೇಕೆಂದು ಪ್ರಿನ್ಸಿಪಾಲರಿಂದ ಇನ್ನೂ ಕಾಗದ ಬಂದಿರಲಿಲ್ಲ, ಆದ್ದರಿಂದ ಪ್ರೂಫಿನಲ್ಲಿ ಇಟ್ಟಂಗಿಗಳನ್ನು ಇಟ್ಟು, ಸ್ಟೆನ್ಸಿಲಿನಲ್ಲಿ ಜಾಗ ಬಿಟ್ಟಿದ್ದೆ. ಮಧ್ಯಾಹ್ನ ಕಾಗದ ಬಂತು. ಒಂದೇ ಹೆಸರಿತ್ತು. “ತರ್ರಿ, ಟೈಪ್ ಮಾಡಿ ಮತ್ತ ತಗೀತೀನಿ” ಎಂದೆ.

“ಬ್ಯಾಡ್ರಿ ಅಣ್ಣಾರ” ಎಂದು ಅಕ್ಕಾರು ಕಡ್ಡಿ ಕೈಗೆತ್ತಿಕೊಂಡರು. ಹಾಳೆಯನ್ನು ಗಾಜಿನ ಮೇಲೆ ಹರಡಿ, ∀ ಮತ್ತು ∃ ತುಂಬಿದ ಅದೇ ಕೈಯಿಂದ, ಮೇಣ ಹರಿಯದಂತೆ ನಿಧಾನವಾಗಿ, ಬಿಟ್ಟ ಜಾಗದಲ್ಲಿ ತಮ್ಮ ಹೆಸರು ಬರೆದರು.